ಪದಚರ್ಚೆ: ಮಂದೆಯೊಂದಿಗೆ ಬೆಟ್ಟ ಹತ್ತಿ ಇಳಿಯುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಚಿತ್ರಪ್ರದರ್ಶನಕ್ಕೆ ಕನ್ನಡ ಬರಹ ಸಿದ್ಧ ಮಾಡುತ್ತಿದ್ದೇವೆ. ಕುರಿ, ಆಡು, ದನಗಳ ಮಂದೆಯನ್ನು ಬೇಸಿಗೆಗೆ ಬೆಟ್ಟಕ್ಕೆ ಹತ್ತಿಸಿ, ಚಳಿ ಬರುವ ಮೊದಲು ತಗ್ಗಿಗೆ ಇಳಿಸುವ ಪದ್ಧತಿ ಉಂಟಲ್ಲ, ಅದೇ ವಿಷಯ. ಇಂಗ್ಲಿಷಿನಲ್ಲಿ ಟ್ರಾನ್ಸ್‌ಹ್ಯೂಮನ್ಸ್ ಅನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಮನುಷ್ಯ ನೆನಪಾಗುತ್ತಾನೆ, ಆದರೆ ಅದರೊಳಗೆ ಮನುಷ್ಯನಿಲ್ಲ. ಲ್ಯಾಟಿನ್ನಿನ ‘ಆಚೆ’, ‘ನೆಲ’ ಎಂಬ ಎರಡು ಪದ ಸೇರಿ ಆದದ್ದು. ಕನ್ನಡದಲ್ಲಿ ಏನು ಬರೆಯುವುದು ಎಂಬುದರ ಮೇಲೆ ನಮ್ಮಲ್ಲಿ ಜಗಳ ಸುರುವಾಗಿದೆ. ಅದಕ್ಕೇ ಈ ಪತ್ರ.

ಪದ ಹುಡುಕುವ ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಇದು 2019ರಲ್ಲಿ ಸೇರಿತು. ಆಗ ಕೇಳಿದ್ದು ಆಸ್ಟ್ರಿಯಾ, ಇಟಲಿ, ಗ್ರೀಸ್ ಮೂರೇ ದೇಶ. 2023ರಲ್ಲಿ ಸ್ಪೇನ್, ಫ್ರಾನ್ಸ್, ರೊಮೇನಿಯಾ, ಅಲ್ಬೇನಿಯಾ ಮುಂತಾದವು ಬಂದು ಒಟ್ಟು 10 ಆದವು. ಯಾವ ದಿನ ಹೊರಡಬೇಕು, ಎಲ್ಲಿ ನೀರು ಸಿಗುತ್ತದೆ, ಮೋಡ ಹೇಗೆ ಕಟ್ಟಿದರೆ ಮಂದೆ ನಿಲ್ಲಿಸಬೇಕು, ನಾಯಿಯನ್ನು ಹೇಗೆ ಪಳಗಿಸಬೇಕು, ಇವನ್ನೆಲ್ಲ ಬಲ್ಲವರ ತಿಳಿವಳಿಕೆಗೆ ಸಿಕ್ಕ ಮನ್ನಣೆ ಅದು.

ನನಗೆ ತುಂಬಾ ಇಷ್ಟವಾದದ್ದು ಇಟಲಿಯ ಶ್ನಾಲ್ಸ್ ಕಣಿವೆಯ ಕುರಿಗಾರರ ಕಥೆ. ಜೂನ್‌ನಲ್ಲಿ ಇವರು ಆಲ್ಪ್ಸ್‌ನ ಹಿಮದ ಏಣು ದಾಟಿ ಆಸ್ಟ್ರಿಯಾದ ಓಟ್ಸ್ ಕಣಿವೆಗೆ ಕುರಿ ಹೊಡೆದುಕೊಂಡು ಹೋಗುತ್ತಾರೆ. ಸೆಪ್ಟೆಂಬರ್‌ನಲ್ಲಿ ವಾಪಸ್. ಆಚೆ ಬದಿಯಲ್ಲಿ ಮೇಯಿಸುವ ಹಕ್ಕು 1415ರ ಒಪ್ಪಂದದಲ್ಲೇ ಉಂಟು. ಮೊದಲ ಮಹಾಯುದ್ಧದ ನಂತರ ಅದೇ ಏಣಿನ ಮೇಲೆ ಎರಡು ದೇಶಗಳ ಗಡಿ ಬಿತ್ತು. ಕುರಿಗಳು ಮಾತ್ರ ಹಳೆಯ ಒಪ್ಪಂದದಂತೆಯೇ ನಡೆಯುತ್ತಿವೆ. 5,000 ವರ್ಷಕ್ಕೂ ಹಳೆಯ ‘ಹಿಮಮಾನವ’ನ ದೇಹ 1991ರಲ್ಲಿ ಸಿಕ್ಕಿದ್ದೂ ಅದೇ ಬೆಟ್ಟಸಾಲಿನಲ್ಲಿ.

ಈಗ ಪದಕ್ಕೆ ಬರೋಣ. ನಮ್ಮ ಮೊದಲ ಕರಡಿನಲ್ಲಿ ‘ಋತುಮಾನದ ವಲಸೆ’ ಎಂದಿತ್ತು. ಅರ್ಥವಾಗುತ್ತದೆ, ತಪ್ಪೂ ಅಲ್ಲ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ವಲಸೆ ಎಂದರೆ ಊರಲ್ಲಿ ನೆಲೆ ತಪ್ಪಿ ಹೊರಟವರ ಚಿತ್ರ ಬರುತ್ತದೆ. ‘ಹಾಗಾದರೆ ವಲಸೆ ಹಕ್ಕಿ ವಾಪಸ್ ಹೋಗುವುದಿಲ್ವಾ?’ ಎಂದು ಗೆಳೆಯರೊಬ್ಬರು ಕೇಳಿದರು. ಹೋಗುತ್ತದೆ. ಆದರೆ ಮನುಷ್ಯರ ಮಟ್ಟಿಗೆ ಆ ಪದ ‘ವಲಸೆ ಕಾರ್ಮಿಕ’ ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಇಲ್ಲಿ ಕಷ್ಟಕ್ಕೆ ಊರು ಬಿಟ್ಟವರಿಲ್ಲ. ದಾರಿ ಗೊತ್ತು, ತಂಗುವ ಜಾಗ ಗೊತ್ತು, ಹಿಂದೆ ಬರುವ ತಿಂಗಳೂ ಗೊತ್ತು. ‘ಅಲೆಮಾರಿ’ ಇನ್ನೂ ದೂರ. ಅದಕ್ಕೆ ನೆಲೆಯೂ ಇಲ್ಲ, ದಾರಿಯೂ ಇಲ್ಲ. ಪೇಪರಿನಲ್ಲಿ ಬರುವ ‘ಸಂಚಾರಿ ಕುರಿಗಾಹಿ’ ಪರವಾಗಿಲ್ಲ, ಜನ ಗುರುತಿಸುತ್ತಾರೆ. ಆದರೆ ಅದು ಆಳಿನ ಹೆಸರು. ನಮಗೆ ಬೇಕಾದದ್ದು ಕೆಲಸದ ಹೆಸರು.

‘ಬೆಟ್ಟದ ಕುರಿಗಾರಿಕೆ’ ಎಂದರೆ ಹೇಗೆ ಎಂಬ ಸಲಹೆಯೂ ಬಂತು. ಹಿಮಾಚಲದ ಗದ್ದಿ ಎಂಬ ಕುರಿಗಾರ ಸಮುದಾಯಕ್ಕೆ ಇದು ಸರಿ. ಅವರು ಚಳಿಯಲ್ಲಿ ಕಾಂಗ್ರಾದ ತಪ್ಪಲಲ್ಲಿದ್ದು, ಬೇಸಿಗೆಯಲ್ಲಿ ಧೌಲಾಧಾರ್ ಬೆಟ್ಟಸಾಲು ದಾಟಿ ಚಂಬಾ, ಲಾಹೌಲ್ ಕಡೆಯ ‘ಧಾರ್’ಗಳಿಗೆ, ಅಂದರೆ ಎತ್ತರದ ಹುಲ್ಲುಗಾವಲುಗಳಿಗೆ, ಏರುತ್ತಾರೆ. ನಮ್ಮ ರಾಜ್ಯಕ್ಕೆ ಬಂದರೆ ಲೆಕ್ಕ ತಲೆಕೆಳಗು. ಬೆಳಗಾವಿ ಕಡೆಯ ಕುರುಬರನ್ನು ನೋಡಿ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲಾದ ಗದ್ದೆಗಳನ್ನು ಹುಡುಕಿಕೊಂಡು ಪಡುವಣಕ್ಕೆ, ಘಟ್ಟದ ಅಂಚಿಗೆ ಬರುತ್ತಾರೆ. ಮುಂಗಾರು ಹತ್ತಿರವಾದಾಗ ಮೂಡಣದ ಒಣ ಸೀಮೆಗೆ ಹಿಂತಿರುಗುತ್ತಾರೆ. ದಕ್ಕನಿ ಕುರಿಗೆ ಜಾಸ್ತಿ ಮಳೆ ಆಗುವುದಿಲ್ಲ, ಗೊರಸು ಕೊಳೆಯುತ್ತದೆ. ಅಲ್ಲಿ ಹಿಮ ಓಡಿಸುತ್ತದೆ, ಇಲ್ಲಿ ಮಳೆ ಓಡಿಸುತ್ತದೆ. ಹೆಸರಿನಲ್ಲೇ ಬೆಟ್ಟ ಇಟ್ಟರೆ ನಮ್ಮವರೇ ಹೊರಗುಳಿಯುತ್ತಾರೆ, ಅಲ್ವಾ?

ದನಗಳ ವಿಷಯದಲ್ಲೂ ನಮಗಿದು ಹೊಸತಲ್ಲ. ಮೈಸೂರು ಸೀಮೆಯ ಅಮೃತ್ ಮಹಲ್ ತಳಿಯ ದನ ಮೇಯುವ ಕಾವಲುಗಳನ್ನು ಹಿಂದೆ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕಾಲಕ್ಕೆ ತಕ್ಕಂತೆ ದನ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ‘ಹುಲ್ಲುಗಾವಲು’ ಎಂಬಲ್ಲಿ ಇರುವ ಗಾವಲು ಇದೇ ಕಾವಲು. ಯಾರೋ ಕಾಯುವ, ಲೆಕ್ಕಾಚಾರ ಇರುವ ಹುಲ್ಲು. ಹಾಗಾಗಿ ಆಲ್ಪ್ಸ್‌ನ ಎತ್ತರದ ಮೇವಿನ ಜಾಗಕ್ಕೆ ‘ಮೇಲುಗಾವಲು’ ಎಂದು ಬರೆದಿದ್ದೇವೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮೂಲ ಪದಕ್ಕೆ ನಾನು ಮುಂದಿಟ್ಟಿರುವುದು ‘ಮಂದೆ ತಿರುಗಾಟ’. ಕರಾವಳಿಯವರಿಗೆ ವಿವರಣೆ ಬೇಡ. ಯಕ್ಷಗಾನ ಮೇಳ ದೀಪಾವಳಿ ಕಳೆದು ಹೊರಟು, ಊರೂರು ಆಡಿ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನದ್ದು ಒಂದು ತಿರುಗಾಟ. ಹೊರಡುವುದಕ್ಕೆ ಕಾಲ ಉಂಟು, ಮುಗಿಸುವುದಕ್ಕೆ ಕಾಲ ಉಂಟು, ಮುಂದಿನ ವರ್ಷ ಮತ್ತೆ ಹೊರಡುತ್ತಾರೆಂಬ ಭರವಸೆಯೂ ಉಂಟು. ಕಲಾವಿದರು ಅನುಭವವನ್ನು ಎಣಿಸುವುದೂ ತಿರುಗಾಟದಲ್ಲೇ. ಮೇಳದ ಕ್ಯಾಲೆಂಡರನ್ನೂ ಬೆಳಗಾವಿ ಕುರುಬರ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟು ನೋಡಿ, ಹೆಚ್ಚುಕಮ್ಮಿ ಒಂದೇ. ಎರಡನ್ನೂ ಮನೆಗೆ ಕಳಿಸುವುದು ಮಳೆಯೇ.

ತೊಂದರೆ ಘಟ್ಟದ ಮೇಲೆ. ಬೆಂಗಳೂರು, ಮೈಸೂರು ಕಡೆಯವರಿಗೆ ತಿರುಗಾಟ ಎಂದರೆ ಸುಮ್ನೆ ತಿರುಗಾಡುವುದು, ಕೆಲಸವಿಲ್ಲದ ಹುಡುಗರ ಕೆಲಸ. ಮಂದೆ ಸೇರಿಸಿದರೆ ಆ ಹಗುರತನ ಹೋಗುತ್ತದೆ ಎಂದು ನನ್ನ ಅನಿಸಿಕೆ. ಘಟ್ಟದ ಮೇಲಿನ ಓದುಗರು ದಾಕ್ಷಿಣ್ಯವಿಲ್ಲದೆ ಹೇಳಿ.

ಇನ್ನೊಂದು ಪದ ನಮ್ಮನ್ನು ಚೆನ್ನಾಗಿ ಸತಾಯಿಸಿತು: ಹಟ್ಟಿ. ನಮಗೆ ಹಟ್ಟಿ ಎಂದರೆ ಮನೆ ಪಕ್ಕದ ದನದ ಕೊಟ್ಟಿಗೆ, ಗೊಬ್ಬರ ಎಂದರೆ ಹಟ್ಟಿಗೊಬ್ಬರ. ಚಿತ್ರದುರ್ಗದ ಕಡೆ ಗೊಲ್ಲರ ಹಟ್ಟಿ ಒಂದು ಇಡೀ ಕೇರಿ. ಕುರಿಗಾರರಿಗೆ ರಾತ್ರಿ ಮಂದೆ ಕೂಡುವ ಜಾಗ. ಮಾದೇಶ್ವರ ಬೆಟ್ಟದ ಕಾಡಿನೊಳಗೆ ದನ ಕೂಡುವಲ್ಲಿಗೆ ದೊಡ್ಡಿ ಅನ್ನುತ್ತಾರೆ. ಬೆಟ್ಟದ ಮೇಲಿನ ತಾತ್ಕಾಲಿಕ ತಂಗುದಾಣಕ್ಕೆ ಹಟ್ಟಿ ಎಂದರೆ ಉಡುಪಿಯ ಓದುಗ ಹೆಂಚಿನ ಮಾಡು ಕಲ್ಪಿಸಿಕೊಳ್ಳುತ್ತಾನೆ. ಸದ್ಯಕ್ಕೆ ದೊಡ್ಡಿ ಉಳಿಸಿದ್ದೇವೆ.

ಮಂದೆ ನಡೆಯುವ ದಾರಿಗೂ ಹೆಸರು ಬೇಕು. ಇಟಲಿಯ ‘ತ್ರತ್ತೂರೊ’ 111 ಮೀಟರ್ ಅಗಲ, ಸ್ಪೇನಿನ ರಾಜಮನ್ನಣೆಯ ‘ಕನ್ಯಾದ’ ಸುಮಾರು 75 ಮೀಟರ್. ಅಷ್ಟು ಅಗಲ ಯಾಕೆಂದರೆ ಮಂದೆ ಅಲ್ಲೇ ಮೇಯುತ್ತಾ ಮುಂದೆ ಹೋಗಬೇಕು. ಸ್ಪೇನಿನಲ್ಲಿ 1995ರ ಕಾನೂನು ಈ ದಾರಿಗಳನ್ನು ಕಾಪಾಡುತ್ತದೆ. ‘ಕಾಲುದಾರಿ’ ಎಂದರೆ ಅಗಲ ಕಾಣುವುದಿಲ್ಲ. ‘ಮಂದೆದಾರಿ’ ಆಗಬಹುದೇ?

ಕೊನೆಗೆ ‘ಅಮೂರ್ತ ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆ’. ಅಮೂರ್ತ ಈಗಾಗಲೇ ರೂಢಿಗೆ ಬಂದಿದೆ, ಬಿಡೋಣ. ಸಂರಕ್ಷಣೆ ಮಾತ್ರ ಕಷ್ಟ. ಯುನೆಸ್ಕೊದ 2003ರ ಒಪ್ಪಂದದಲ್ಲಿ ಆ ಮಾತಿನ ಅರ್ಥ, ಪದ್ಧತಿ ಬದುಕಿ ಮುಂದುವರಿಯುವಂತೆ ನೋಡಿಕೊಳ್ಳುವುದು. ಕಲಿಸುವುದು, ದಾಟಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಸಂರಕ್ಷಣೆ ಎಂದರೆ ಹಳೆಯ ದೇವಸ್ಥಾನಕ್ಕೆ ಬೇಲಿ ಹಾಕಿದ ಹಾಗೆ ಕೇಳುತ್ತದೆ. ‘ನಡೆಸಿಕೊಂಡು ಬರುವುದು’ ಎಂದರೆ ಸಾಕಲ್ಲ? ಕೋಲ, ನೇಮಗಳ ಬಗ್ಗೆ ನಾವು ಹೇಳುವುದೇ ಹಾಗೆ. ಹಲಗೆಯ ಮೇಲೆ ಉದ್ದವಾಗುತ್ತದೆ ಎಂಬುದೊಂದೇ ಅಡ್ಡಿ.

2006ರ ಅರಣ್ಯ ಹಕ್ಕು ಕಾಯ್ದೆಯ ಇಂಗ್ಲಿಷ್ ಪಾಠದಲ್ಲೂ ಈ ಪದ ಉಂಟು. ಒಂದೆಡೆ ನೆಲೆಸಿ ಮೇಯಿಸುವುದು, ಹೀಗೆ ಹೋಗಿಬಂದು ಮೇಯಿಸುವುದು ಎರಡನ್ನೂ ಹೆಸರಿಸಿ, ಸಮುದಾಯದ ಹಕ್ಕು ಎಂದು ಅದು ಒಪ್ಪುತ್ತದೆ. ಅದರ ಕನ್ನಡ ನಮೂನೆಗಳಲ್ಲಿ ಯಾವ ಪದ ಹಾಕಿದ್ದಾರೆ? ಕೈಯಲ್ಲಿ ಇದ್ದವರು ಆ ಸಾಲನ್ನು ಹಾಗೇ ಟೈಪ್ ಮಾಡಿ ಕಳಿಸಿ. ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗದ ಕಡೆಯವರಲ್ಲಿ ಇನ್ನೊಂದು ವಿನಂತಿ: ಕುರಿಗಾರರ ಮನೆಯ ಹೆಂಗಸರು ‘ಗಂಡಸರು ಎಲ್ಲಿ?’ ಎಂದರೆ ಏನು ಉತ್ತರ ಕೊಡುತ್ತಾರೆ? ಅವರ ಬಾಯಲ್ಲಿ ಬರುವ ಮಾತು ಸಿಕ್ಕಿದರೆ ನನ್ನ ತಿರುಗಾಟವನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.