ಸೈಡ್‌ವಾಲ್ವ್ ಮೋರಿಸ್‌ಗೆ ಇನ್ನಷ್ಟು ಕಸುವು ತುಂಬಬಹುದೇ?

ಪ್ರಶ್ನೆ, ದಾವಣಗೆರೆಯಿಂದ:
ತಾತ ಬಿಟ್ಟುಹೋದ 1951ರ ಮೋರಿಸ್ ಮೈನರ್ ನಮ್ಮಲ್ಲಿದೆ. 918 ಸಿಸಿ, ಹೊಸದಿದ್ದಾಗಲೇ 27.5 ಅಶ್ವಶಕ್ತಿ. ನಾಲ್ವರು ಕುಳಿತು ಚಿತ್ರದುರ್ಗಕ್ಕೆ ಹೊರಟರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ತಳ ತೇಯಿಸಿದರೆ ಸಾಕೇ?

ಉತ್ತರ, ಚಿತ್ರದುರ್ಗದಿಂದ:
ಅವಸರ ಬೇಡ ತಮ್ಮಾ. ಇದು ಸೈಡ್‌ವಾಲ್ವ್ ಎಂಜಿನ್, ಅಂದರೆ ಇದರಲ್ಲಿ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುತ್ತವೆ. ಹೆಡ್ ತೇಯಿಸಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲು ಒತ್ತಿ ಕುಗ್ಗುವ ಪ್ರಮಾಣ ಏರುತ್ತದೆ, ನಿಜ. ಆದರೆ ವಾಲ್ವಿನಿಂದ ಸಿಲಿಂಡರಿಗೆ ಗಾಳಿ ದಾಟುವ ದಾರಿಯೂ ಕಿರಿದಾಗುತ್ತದೆ. ಹಳೆಯ ಜೀಪಿನಲ್ಲಿ ನಾನು ಅತಿಯಾಗಿ ತೇಯಿಸಿ, ವಾಲ್ವ್ ಬಡಿದು ಹೆಡ್ಡಿನಲ್ಲಿ ಅರ್ಧಚಂದ್ರದ ಗುರುತು ಮೂಡಿತ್ತು. ಈಗ ವಾಲ್ವಿನ ಮೇಲೆ ಮೆತ್ತನೆಯ ಜೇಡಿಮಣ್ಣು ಇಟ್ಟು, ಹಳೆಯ ಗ್ಯಾಸ್ಕೆಟ್‌ನೊಂದಿಗೆ (ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆ) ಹೆಡ್ ಬಿಗಿದು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತೇನೆ. ಬಿಚ್ಚಿದಾಗ ಉಳಿದ ಮಣ್ಣಿನ ದಪ್ಪವೇ ವಾಲ್ವಿಗೂ ಹೆಡ್ಡಿಗೂ ಇರುವ ಅಂತರ ಹೇಳುತ್ತದೆ.

ಇನ್ನೊಂದು ಉತ್ತರ:
ಮೊದಲು ವಾಲ್ವ್ ಗ್ರೈಂಡ್ ಮಾಡಿಸಿ, ಇಂಟೇಕ್ ಪೋರ್ಟಿನ (ಗಾಳಿ ಒಳಬರುವ ದಾರಿಯ) ಒರಟು ತೆಗೆಸಿ. ಎಕ್ಸಾಸ್ಟ್ ಬಿಸಿ ಬ್ಲಾಕಿನ ಮೂಲಕವೇ ಹಾಯುತ್ತದೆ; ಆದ್ದರಿಂದ ರೇಡಿಯೇಟರ್ ತೊಳೆಸದೆ ಶಕ್ತಿ ಹೆಚ್ಚಿಸಬೇಡಿ.

ದಾವಣಗೆರೆಯಿಂದ:
ಧನ್ಯವಾದ ಅಣ್ಣಾ. ಭಾನುವಾರ ಹೆಡ್ ಬಿಚ್ಚುತ್ತೇನೆ, ಜೇಡಿಮಣ್ಣು ಇವತ್ತೇ ತರುತ್ತೇನೆ.