ಹೊಸ ಕೋಣೆಗೆ ರೇಡಿಯೇಟರ್: ಫ್ಲೋ ಯಾವುದು, ರಿಟರ್ನ್ ಯಾವುದು?

ಹೊಸಮನೆ_ಲೀಡ್ಸ್

ನಮಸ್ಕಾರ. ಮನೆಯ ಹಿಂದೆ ಕಟ್ಟಿಸಿದ ಕೋಣೆಗೆ 600 × 1000 ಎಂಎಂ, ಟೈಪ್ 22 (ಎರಡು ಫಲಕ, ಎರಡು ಸಾಲು ಫಿನ್ ಇರುವ) ರೇಡಿಯೇಟರ್ ಹಾಕಬೇಕು. ಕಾಂಬಿ ಬಾಯ್ಲರ್, ಸೀಲ್ಡ್ ವ್ಯವಸ್ಥೆ (ನೀರು ಒತ್ತಡದಲ್ಲಿ ಮುಚ್ಚಿರುವಂಥದ್ದು). ಹಲಗೆ ನೆಲದ ಕೆಳಗೆ 15 ಎಂಎಂ ತಾಮ್ರದ ಎರಡು ಪೈಪ್ ಹೋಗಿವೆ, ಅವಕ್ಕೇ ಟೀ (T ಆಕಾರದ ಜೋಡಣೆ) ಹಾಕಿ ಕವಲು ತೆಗೆಯುವ ಯೋಚನೆ. ಎರಡನ್ನೂ ಮುಟ್ಟಿದರೆ ಬಿಸಿಯೇ. ಬಾಯ್ಲರ್‌ನಿಂದ ಬಿಸಿನೀರು ತರುವ ಫ್ಲೋ ಯಾವುದು, ತಣಿದ ನೀರನ್ನು ಹಿಂದಕ್ಕೆ ಒಯ್ಯುವ ರಿಟರ್ನ್ ಯಾವುದು ಎಂದು ಗೊತ್ತಾಗುವುದು ಹೇಗೆ? ಟಿಆರ್‌ವಿ (ಕೋಣೆಯ ಬಿಸಿ ನೋಡಿ ತಾನೇ ಮುಚ್ಚಿಕೊಳ್ಳುವ ವಾಲ್ವ್) ಯಾವ ಕಡೆ ಬರಬೇಕು? ಎಲ್ಲ ಜೋಡಣೆಗೂ ಟೆಫ್ಲಾನ್ ಟೇಪ್ ಸುತ್ತಬೇಕೆ?

ತಾಮ್ರದಪೈಪ್

ಮೊದಲು ಆ ಎರಡೂ ಹೀಟಿಂಗ್ ಪೈಪುಗಳೇ ಎಂದು ಖಚಿತ ಮಾಡಿಕೊಳ್ಳಿ. ಇಂಗ್ಲೆಂಡಿನ ಮನೆಗಳಲ್ಲಿ ಗ್ಯಾಸ್, ನಲ್ಲಿ ನೀರು, ಹೀಟಿಂಗ್ ಎಲ್ಲಕ್ಕೂ ಅದೇ ತಾಮ್ರದ ಪೈಪ್ ಇರುತ್ತದೆ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಈಗಿರುವ ಒಂದು ರೇಡಿಯೇಟರ್‌ವರೆಗೆ ಪೈಪನ್ನು ಕಣ್ಣಾರೆ ಹಿಂಬಾಲಿಸದೆ ಕಟರ್ ಹಚ್ಚಬೇಡಿ. ರೇಡಿಯೇಟರ್ ಕೆಲಸ ನೀವೇ ಮಾಡಬಹುದು, ಗ್ಯಾಸ್ ಲೈನು ಮತ್ತು ಬಾಯ್ಲರ್ ಒಳಗಿನದು ಮಾತ್ರ ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇದ್ದವರದು.

ಇನ್ನು ಫ್ಲೋ. ಹೀಟಿಂಗ್ ಆರಿಸಿ, ಪೈಪ್ ಪೂರ್ತಿ ತಣ್ಣಗಾಗಲು ಬಿಡಿ. ಮತ್ತೆ ಹಚ್ಚಿ ಎರಡರ ಮೇಲೂ ಒಂದೊಂದು ಕೈ ಇಡಿ. ಮೊದಲು ಕಾಯುವುದು ಫ್ಲೋ. ಟೇಪಿನ ತುಂಡು ಅಂಟಿಸಿ ಗುರುತು ಮಾಡಿಕೊಳ್ಳಿ.

ಫ್ಲೋ, ರಿಟರ್ನ್ ಅದಲುಬದಲಾದರೂ ರೇಡಿಯೇಟರ್ ಹೇಗೋ ಕಾಯುತ್ತದೆ. ಎರಡು ಕವಲನ್ನೂ ಒಂದೇ ಪೈಪಿಗೆ ಜೋಡಿಸಿದರೆ ಮಾತ್ರ ಕೆಟ್ಟಿತು: ಎರಡು ತುದಿಯಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ, ನೀರು ಒಳಗೆ ಹರಿಯಲು ಕಾರಣವೇ ಇರುವುದಿಲ್ಲ. ಆಮೇಲೆ ಒಳಗಿನ ಗಾಳಿಯನ್ನು ಎಷ್ಟು ಹೊರಬಿಟ್ಟರೂ ಅದು ಸರಿಹೋಗದು.

ಆ 15 ಎಂಎಂ ಪೈಪಿಗೆ ಈಗಾಗಲೇ ಎಷ್ಟು ರೇಡಿಯೇಟರ್ ಜೋತುಬಿದ್ದಿವೆ ಎಂದೂ ಎಣಿಸಿ. ಫ್ಲೋ–ರಿಟರ್ನ್ ನಡುವೆ 11 ಡಿಗ್ರಿ ವ್ಯತ್ಯಾಸ ಇಟ್ಟುಕೊಂಡರೆ ಅದು ಸುಮಾರು 6 ಕಿಲೋವಾಟ್ ಒಯ್ಯಬಲ್ಲದು. ನಿಮ್ಮದು ಒಂದೇ ಸುಮಾರು 1.7 ಕಿಲೋವಾಟ್. ಮಿತಿ ಮೀರುವಂತಿದ್ದರೆ 22 ಎಂಎಂ ಮುಖ್ಯ ಪೈಪಿನಿಂದಲೇ ಕವಲು ತೆಗೆಯಿರಿ.

ಸ್ಪ್ಯಾನರ್_ಎರಡು

ಟೇಪ್ ವಿಷಯಕ್ಕೆ ಬರುತ್ತೇನೆ, ಸೋರಿಕೆಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುವುದು. ಊರಲ್ಲಿ ನಲ್ಲಿಗೆ ಟೇಪ್ ಸುತ್ತಿ ಅಭ್ಯಾಸವಾದವರು ಇಲ್ಲಿ ಕಂಡ ಥ್ರೆಡ್ಡಿಗೆಲ್ಲ ಸುತ್ತುತ್ತಾರೆ. ಸುತ್ತಬೇಕಾದದ್ದು ಒಂದೇ ಕಡೆ: ರೇಡಿಯೇಟರ್ ಒಳಗೆ ಹೋಗುವ ವಾಲ್ವ್ ಟೇಲ್, ಅಂದರೆ ವಾಲ್ವನ್ನು ರೇಡಿಯೇಟರಿಗೆ ಸೇರಿಸುವ ಗಿಡ್ಡ ತುಂಡು. ಅದು ನಮ್ಮ ನಲ್ಲಿಯದೇ ಅರ್ಧ ಇಂಚು ಬಿಎಸ್‌ಪಿ ಥ್ರೆಡ್. ನುಣುಪಾದ ಕ್ರೋಮ್ ಮೇಲೆ ಟೇಪ್ ಜಾರಿ ಹಿಂದಕ್ಕೆ ಮುದುಡುತ್ತದೆ, ಹಾಗಾಗಿ ಹ್ಯಾಕ್‌ಸಾ ಬ್ಲೇಡಿನಿಂದ ಥ್ರೆಡ್ಡನ್ನು ಸ್ವಲ್ಪ ಗೀರಿ ಒರಟು ಮಾಡಿ. ಟೇಲ್‌ನ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 12ರಿಂದ 15 ಸುತ್ತು ಬಿಗಿಯಾಗಿ ಎಳೆದು ಸುತ್ತಿ. ಹೆಚ್ಚಿನ ಟೇಲ್‌ಗಳಿಗೆ ಬಿಗಿ ಮಾಡಲು 12 ಎಂಎಂ ಅಲೆನ್ ಕೀ (ಆರು ಮೂಲೆಯ ಕೀಲಿ) ಸಾಕು.

ಟೇಲ್‌ಗೂ ವಾಲ್ವ್‌ಗೂ ನಡುವಿನ ನಟ್ಟಿಗೆ ಟೇಪ್ ಬೇಡ, ಅಲ್ಲಿ ಲೋಹಕ್ಕೆ ಲೋಹ ಕೂರುತ್ತದೆ. ಪೈಪ್ ಕಡೆಯ ಕಂಪ್ರೆಷನ್ ನಟ್ಟಿಗಂತೂ ಖಂಡಿತ ಬೇಡ. ಅಲ್ಲಿ ನೀರು ತಡೆಯುವುದು ಆಲಿವ್ ಎಂಬ ಹಿತ್ತಾಳೆಯ ಬಳೆ, ಥ್ರೆಡ್ ಅಲ್ಲ. ಟೇಪ್ ಸುತ್ತಿದರೆ ಆಲಿವ್ ಪೈಪನ್ನು ಕಚ್ಚುವ ಮೊದಲೇ ನಟ್ ಬಿಗಿಯಾದಂತೆ ಅನಿಸಿ ನೀವು ನಿಲ್ಲಿಸಿಬಿಡುತ್ತೀರಿ. ಕೈಯಲ್ಲಿ ಬಿಗಿ ಮಾಡಿ, ಬಳಿಕ ಸ್ಪ್ಯಾನರ್‌ನಲ್ಲಿ ಸುಮಾರು ಒಂದು ಸುತ್ತು ಸಾಕು. ಇನ್ನೊಂದು ಸ್ಪ್ಯಾನರ್ ವಾಲ್ವ್‌ನ ಮೈಯನ್ನು ಹಿಡಿದಿರಲೇಬೇಕು, ಇಲ್ಲವಾದರೆ ವಾಲ್ವ್ ತಿರುಗಿ ಪೈಪ್ ತಿರುಚಿಕೊಳ್ಳುತ್ತದೆ. ಮೇಲಿನ ಬ್ಲಾಂಕ್ ಪ್ಲಗ್, ಏರ್ ವೆಂಟ್‌ಗೆ ರಬ್ಬರ್ ರಿಂಗ್ ಇದ್ದರೆ ಅದೇ ಸಾಕು.

ನೀರು ಖಾಲಿ ಮಾಡುವಾಗ ಬಾಯ್ಲರ್‌ನ ವಿದ್ಯುತ್ ತೆಗೆಯಿರಿ, ನೀರು ತಣ್ಣಗಾಗಲಿ. ಎಲ್ಲಕ್ಕಿಂತ ಕೆಳಗಿರುವ ಡ್ರೈನ್ ಕಾಕ್‌ಗೆ ಹೋಸ್ ಹಾಕಿ ಹೊರಗೆ ಬಿಡಿ, ಒತ್ತಡದ ಮಾಪಕ ಸೊನ್ನೆಗೆ ಇಳಿದ ಮೇಲೆ ಮಹಡಿಯ ವೆಂಟ್‌ಗಳನ್ನು ತೆರೆಯಿರಿ. ಹೋಸ್ ನಿಂತರೂ ಪೈಪಿನ ತಗ್ಗಿನಲ್ಲಿ ನೀರು ಉಳಿದಿರುತ್ತದೆ. ಕತ್ತರಿಸುವ ಜಾಗದ ಕೆಳಗೆ ತಟ್ಟೆ, ಹಳೆ ಟವೆಲ್ ಇಡಿ. ಆ ಕಪ್ಪು ನೀರು ಕಬ್ಬಿಣದ ಆಕ್ಸೈಡ್, ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದಿಲ್ಲ.

ಬ್ಯಾಲೆನ್ಸ್_ಮಾಡಿ

ಟಿಆರ್‌ವಿ ಮೇಲೆ ಎರಡೂ ಕಡೆಗೆ ಬಾಣವಿದ್ದರೆ ಯಾವ ತುದಿಗಾದರೂ ಹಾಕಿ. ಒಂದೇ ಬಾಣವಿದ್ದರೆ ಫ್ಲೋ ಕಡೆಗೆ, ಬಾಣದ ದಿಕ್ಕಿನಲ್ಲೇ ನೀರು ಹೋಗುವಂತೆ. ತಪ್ಪಿದರೆ ವಾಲ್ವ್ ಮುಚ್ಚಿಕೊಳ್ಳುವ ಹೊತ್ತಿಗೆ ಪೈಪ್ ಬಡಿದುಕೊಳ್ಳುತ್ತದೆ. ಗೋಡೆಯ ಥರ್ಮೋಸ್ಟಾಟ್ ಇದೇ ಕೋಣೆಯಲ್ಲಿದ್ದರೆ ಟಿಆರ್‌ವಿ ಬೇಡವೇ ಬೇಡ: ಟಿಆರ್‌ವಿ ಮೊದಲು ಮುಚ್ಚಿಕೊಂಡರೆ ಥರ್ಮೋಸ್ಟಾಟ್‌ಗೆ ಬೇಕಾದ ಬಿಸಿ ತಲುಪದೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ.

ಖಾಲಿ ಮಾಡಿದ ನೀರಿನ ಜೊತೆ ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಕೂಡ ಹೋಗಿರುತ್ತದೆ. ಹೊಸ ರೇಡಿಯೇಟರ್‌ನ ಎರಡೂ ವಾಲ್ವ್ ಮುಚ್ಚಿಟ್ಟು, ಮೇಲಿನ ಪ್ಲಗ್ ತೆಗೆದು, ಸಣ್ಣ ಆಲಿಕೆಯಿಂದ ಹೊಸ ಇನ್ಹಿಬಿಟರ್ ಸುರಿಯಿರಿ. ಪ್ಲಗ್ ಹಾಕಿದ ಮೇಲೆ ವಾಲ್ವ್ ತೆರೆದು, ವ್ಯವಸ್ಥೆಗೆ ನಲ್ಲಿ ನೀರು ಸೇರಿಸುವ ಫಿಲ್ಲಿಂಗ್ ಲೂಪ್‌ನಿಂದ ತಣ್ಣಗಿರುವಾಗ 1.2 ಬಾರ್‌ಗೆ ತುಂಬಿ. ಗಾಳಿ ಬಿಟ್ಟಂತೆ ಒತ್ತಡ ಇಳಿಯುತ್ತದೆ, ಮತ್ತೆ ತುಂಬಿ. ಲೂಪ್ ಮುಚ್ಚಲು ಮರೆತರೆ ಒತ್ತಡ 3 ಬಾರ್ ಮುಟ್ಟಿ ಸುರಕ್ಷತಾ ವಾಲ್ವ್ ಹೊರಗೋಡೆಯ ಪೈಪಿನಿಂದ ನೀರು ಉಗುಳುತ್ತದೆ.

ಪ್ರತಿ ಜೋಡಣೆಯ ಕೆಳಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವ ಅದರಲ್ಲಿ ಬೂದು ಚುಕ್ಕೆಯಾಗಿ ಕಾಣುತ್ತದೆ. ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ.

ಹೊಸದು ಬಾಯ್ಲರ್‌ಗೆ ಹತ್ತಿರವಿದ್ದರೆ ಲಾಕ್‌ಶೀಲ್ಡ್ (ರೇಡಿಯೇಟರ್‌ನ ಇನ್ನೊಂದು ತುದಿಯ, ಹರಿವನ್ನು ಹೊಂದಿಸುವ ವಾಲ್ವ್) ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ದೂರದ ಕೋಣೆ ಎಂದಿನಂತೆ ಕಾಯುತ್ತಿದ್ದರೆ ಇನ್ನೊಂದು ಕಾಲು ಸುತ್ತು ಕೊಡಿ. ಆ ಕೋಣೆ ತಣ್ಣಗಾಗತೊಡಗಿದರೆ ಕೊಟ್ಟದ್ದನ್ನು ಹಿಂದಕ್ಕೆ ತಿರುಗಿಸಿ.