ಅಮ್ಮನನ್ನು ಕೇರ್ ಹೋಮ್‌ಗೆ ಸೇರಿಸುವ ಮುಂಚೆ ಏನೆಲ್ಲ ನೋಡಬೇಕು? ಅನುಭವ ಇದ್ದವರು ತಿಳಿಸಿ

ಕೇಳಿದವರು: ಬದಿಯಡ್ಕದ ಮಗಳು, ಈಗ ಬೆಂಗಳೂರಿನಲ್ಲಿ

ಅಮ್ಮನಿಗೆ 76. ಪಾರ್ಶ್ವವಾಯು ಆಗಿ ಎಂಟು ತಿಂಗಳಾಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಅರ್ಧಂಬರ್ಧ. ಮೂರು ಜನ ಹೋಂ ನರ್ಸ್ ಬಂದು ಹೋದರು. ತೋಟದ ನಡುವಿನ ಒಂಟಿ ಮನೆ, ಯಾರೂ ನಿಲ್ಲುವುದಿಲ್ಲ. ಅಣ್ಣ ದುಬಾಯಿಯಲ್ಲಿದ್ದಾನೆ. ಎರಡು ಕಡೆ ಹೋಗಿ ಬಂದಿದ್ದೇನೆ: ಒಂದು ಕಾಸರಗೋಡಿನ ಹತ್ತಿರ, ಇನ್ನೊಂದು ಕೇರಳದ ಗಡಿಯ ತಲಪಾಡಿ ದಾಟಿ ಮಂಗಳೂರು ಕಡೆ. ಎರಡು ಕಡೆಯೂ "ಇನ್‌ಸ್ಪೆಕ್ಷನ್ ಎಲ್ಲ ಆಗಿದೆ, ಸರ್ಟಿಫಿಕೇಟ್ ಇದೆ" ಎಂದು ಗೋಡೆಯ ಮೇಲಿನ ಫ್ರೇಮ್ ತೋರಿಸಿದರು. ಆ ಕಾಗದವನ್ನು ಎಷ್ಟು ನಂಬಬಹುದು? ನನ್ನ ಕಣ್ಣಿಂದ ನಾನು ಏನು ನೋಡಬೇಕು?

ಕುಂಬಳೆಯಿಂದ

ಅಕ್ಕಾ, ಅಪ್ಪನನ್ನು ಒಂದು ವರ್ಷ ಹಾಗೊಂದು ಕಡೆ ಇಟ್ಟಿದ್ದೆವು. ಹೆಸರು ಬೇಡ. ನಾವೂ ಸರ್ಟಿಫಿಕೇಟ್ ನೋಡಿದವರೇ, ಹೊಳೆಯುವ ಟೈಲ್ಸ್ ನೋಡಿದವರೇ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಹೋಗುತ್ತಿದ್ದೆವು. ಅಪ್ಪನಿಗೆ ಸ್ನಾನ ಆಗಿರುತ್ತಿತ್ತು, ಪೌಡರ್ ಹಾಕಿ, ಒಗೆದ ಮುಂಡು ಉಡಿಸಿ ಕೂರಿಸಿರುತ್ತಿದ್ದರು. ಸಮಾಧಾನದಿಂದ ಮನೆಗೆ ಬರುತ್ತಿದ್ದೆವು.

ಒಂದು ಮಂಗಳವಾರ ಆ ಕಡೆಯಲ್ಲೇ ನೆಂಟರ ಮನೆಯಲ್ಲಿ ಬೊಜ್ಜ (ಉತ್ತರಕ್ರಿಯೆ) ಇತ್ತು. ಮುಗಿಸಿಕೊಂಡು ಬರುವಾಗ ಹೇಳದೆ ಒಳಗೆ ಹೋದೆ, ಗಂಟೆ ಎಂಟರ ಹತ್ತಿರ. ಹತ್ತೊಂಬತ್ತು ಜನಕ್ಕೆ ಒಬ್ಬಳೇ ಹುಡುಗಿ. ಅವಳು ಒಂದು ಕೋಣೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ಅಪ್ಪನ ಕೋಣೆಯಲ್ಲಿ ವಾಸನೆ. ಮಗ್ಗುಲಿಗೆ ತಿರುಗಿಸಿ ನೋಡಿದರೆ ಬೆನ್ನುಮೂಳೆ ಮುಗಿಯುವಲ್ಲಿ ಅಂಗೈ ಅಗಲದ ಹುಣ್ಣು, ನಡುವೆ ಕಪ್ಪು. ಅಷ್ಟು ದೊಡ್ಡ ಹುಣ್ಣು ಒಂದು ದಿನದಲ್ಲಿ ಆಗುವುದಲ್ಲ. ನಾವು ಭಾನುವಾರ ಭಾನುವಾರ ಮುಖ ನೋಡಿ ಬರುತ್ತಿದ್ದೆವು, ಬೆನ್ನು ನೋಡಿರಲಿಲ್ಲ.

ಮಂಚದ ತಲೆದೆಸೆಯಲ್ಲಿ ಮಗ್ಗುಲು ಬದಲಿಸುವ ಚಾರ್ಟ್ ನೇತಾಡುತ್ತಿತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆಂದು ಎರಡೆರಡು ಗಂಟೆಗೆ ತಿರುಗಿಸಿ ಎಡ, ಬಲ, ನೇರ ಎಂದು ಗುರುತು ಹಾಕುವ ಕಾಗದ. ಆಗ ರಾತ್ರಿ ಎಂಟು ಗಂಟೆ. ಅದರಲ್ಲಿ ಮರುದಿನ ಬೆಳಗ್ಗಿನ ನಾಲ್ಕು ಗಂಟೆಯ ಚೌಕದವರೆಗೂ ಟಿಕ್ ಬಿದ್ದಿತ್ತು. ಅದನ್ನು ನೋಡಿದಾಗ ಆದಷ್ಟು ಸಂಕಟ ಹುಣ್ಣು ನೋಡಿದಾಗಲೂ ಆಗಲಿಲ್ಲ. ತಪಾಸಣೆಗೆ ಬಂದವರು ಆ ಕಾಗದವನ್ನೇ ನೋಡಿ ಸಹಿ ಹಾಕಿ ಹೋಗಿರುತ್ತಾರೆ.

ಆ ಹುಡುಗಿಯ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಒಬ್ಬಳು ಹತ್ತೊಂಬತ್ತು ಜನರನ್ನು ಎರಡು ಗಂಟೆಗೊಮ್ಮೆ ಹೇಗೆ ತಿರುಗಿಸಬೇಕು? ಅಪ್ಪನನ್ನು ಮನೆಗೆ ತಂದೆವು. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಬಂದು ಡ್ರೆಸ್ಸಿಂಗ್ ಮಾಡಿದರು, ನಮಗೂ ಕಲಿಸಿದರು. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಏರ್ ಬೆಡ್ ಹಾಕಿದರೂ ಮಗ್ಗುಲು ಬದಲಿಸಲೇಬೇಕು ಎಂದು ಗೊತ್ತಾದದ್ದೂ ಆಗಲೇ.

ನೀವು ನೋಡಲು ಹೋದಾಗ ಕೂರಿಸಿದವರನ್ನಲ್ಲ, ಮಲಗಿದವರನ್ನು ನೋಡಿ. ಅವರ ಉಗುರು, ಬಾಯಿ, ತುಟಿ. ನೀರಿನ ಲೋಟ ಅವರ ಕೈಗೆ ಎಟಕುವಲ್ಲಿದೆಯೇ ಅಥವಾ ಕಿಟಕಿಯ ಹತ್ತಿರ ಇದೆಯೇ. ಅಮ್ಮ ಸೇರಿದ ಮೇಲೆ ಹೋದಾಗಲೆಲ್ಲ ಬೆನ್ನು ನೋಡಿ.

ಉಪ್ಪಳದಿಂದ, ನಿವೃತ್ತ ಸರಕಾರಿ ನೌಕರ

ಮೊದಲು ಆ ಫ್ರೇಮ್‌ನಲ್ಲಿ ಏನು ಬರೆದಿದೆ ಎಂದು ಓದಿ. ಎಷ್ಟೋ ಕಡೆ ತೂಗುಹಾಕಿರುವುದು ಟ್ರಸ್ಟಿನ ನೋಂದಣಿ ಪತ್ರವೋ, ಅಡುಗೆಮನೆಯ ಫುಡ್ ಸೇಫ್ಟಿ ಲೈಸೆನ್ಸೋ ಆಗಿರುತ್ತದೆ. ಅವೂ ಬೇಕಾದವೇ, ಆದರೆ ಮಲಗಿದವರ ಆರೈಕೆಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ನೀವು ಹುಡುಕುತ್ತಿರುವುದು ಅದಲ್ಲ. ಕೇರಳದಲ್ಲಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳಿಗೆ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ. ವೃದ್ಧಸದನಗಳು ನೋಂದಣಿಯಾಗುವುದು ಸಾಮಾಜಿಕ ನ್ಯಾಯ ಇಲಾಖೆಯ ಕೆಳಗಿನ ಆರ್ಫನೇಜ್ ಕಂಟ್ರೋಲ್ ಬೋರ್ಡಿನಲ್ಲಿ. ತಲಪಾಡಿ ದಾಟಿದರೆ ಕಾನೂನು, ಇಲಾಖೆ ಎರಡೂ ಬೇರೆ. ಅಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ ಎನ್ನುವ 2007ರ ಕಾಯ್ದೆ ಇದೆ, ವೃದ್ಧಾಶ್ರಮವನ್ನು ನೋಡಿಕೊಳ್ಳುವುದು ಹಿರಿಯ ನಾಗರಿಕರ ಇಲಾಖೆ. ಮೂಗಿನ ಟ್ಯೂಬ್, ಮೂತ್ರದ ಪೈಪು ಇರುವವರನ್ನೂ ಸೇರಿಸಿಕೊಳ್ಳುತ್ತಾರಾದರೆ, ಯಾವ ನೋಂದಣಿಯ ಮೇಲೆ ಎಂದು ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ಖಾಸಗಿ ಸಂಸ್ಥೆಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಆಗುವುದಿಲ್ಲ. ಆದರೆ ಅದನ್ನು ತಪಾಸಣೆ ಮಾಡಿದ ಅಧಿಕಾರಿಯ ವರದಿ ಸರಕಾರಿ ಕಚೇರಿಯಲ್ಲಿ ಇರುತ್ತದೆ. ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಿ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಗೆ 10 ರೂಪಾಯಿಯ ಅರ್ಜಿ ಹಾಕಿ: ಕೊನೆಯ ತಪಾಸಣೆ ಯಾವಾಗ ಆಯಿತು, ಏನು ಲೋಪ ಬರೆದಿದ್ದಾರೆ, ಅದನ್ನು ಸರಿಪಡಿಸಿದ್ದಾರೆಯೇ. 30 ದಿನದೊಳಗೆ ಉತ್ತರ ಕೊಡಬೇಕು. ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶವಾದ ನಮ್ಮಲ್ಲಿ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಾವು ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ತುರ್ತು ದೂರಿಗೆ ಹಿರಿಯರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.

ಮುಳ್ಳೇರಿಯದವಳು, ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ನರ್ಸ್

ಇಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ 2009ರಿಂದ ತಪಾಸಣೆ ಮಾಡುತ್ತಿದೆ. ಹೆಚ್ಚಿನ ಸಲ ಹೇಳದೆ ಬರುತ್ತಾರೆ. ಕಡತ ನೋಡುತ್ತಾರೆ, ಜೊತೆಗೆ ಅಲ್ಲಿರುವ ಹಿರಿಯರ ಹತ್ತಿರ, ಅವರ ಮಕ್ಕಳ ಹತ್ತಿರ ಕೂತು ಮಾತಾಡುತ್ತಾರೆ. ಐದು ವಿಷಯ ಕೇಳುತ್ತಾರೆ: ಇಲ್ಲಿರುವವರು ಸುರಕ್ಷಿತವೇ, ಕೊಡುವ ಆರೈಕೆಯಿಂದ ಗುಣ ಆಗುತ್ತಿದೆಯೇ, ಅಕ್ಕರೆ ಇದೆಯೇ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹಾಗೆ ನಡೆಯುತ್ತದೆಯೇ, ನಡೆಸುವವರು ಸರಿಯಾಗಿ ನಡೆಸುತ್ತಿದ್ದಾರೆಯೇ. ಆಮೇಲೆ ನಾಲ್ಕು ದರ್ಜೆಯಲ್ಲಿ ಒಂದನ್ನು ಕೊಡುತ್ತಾರೆ. ಆ ದರ್ಜೆಯನ್ನು ಜನರಿಗೆ ಕಾಣುವ ಹಾಗೆ ಹೋಮ್‌ನಲ್ಲಿ ಹಾಕಲೇಬೇಕು, ಕೆಟ್ಟದಿದ್ದರೂ. ಆಳವಾದ ಹಾಸಿಗೆ ಹುಣ್ಣು ಆದರೆ ನಾವೇ ಅವರಿಗೆ ತಿಳಿಸಬೇಕು, ಮುಚ್ಚಿಡುವ ಹಾಗಿಲ್ಲ. ಇಷ್ಟೆಲ್ಲ ಇದ್ದೂ ಇಲ್ಲಿ ಕೆಟ್ಟ ಹೋಮ್‌ಗಳು ಇವೆ. ಆದರೆ ಯಾವುದು ಕೆಟ್ಟದ್ದು ಎಂದು ಮಕ್ಕಳು ಸೇರಿಸುವ ಮುಂಚೆ ಓದಿ ತಿಳಿದುಕೊಳ್ಳಬಹುದು. ನಮ್ಮೂರಲ್ಲಿ ಆ ವರದಿ ಕಚೇರಿಯ ಕಪಾಟಿನಲ್ಲಿ ಇರುತ್ತದೆ, ಹಾಗಾಗಿ ನೀವೇ ಇನ್‌ಸ್ಪೆಕ್ಟರ್ ಆಗಬೇಕು, ಅಕ್ಕ.

ತೂಕದ ಪುಸ್ತಕ ಕೇಳಿ. ತಿಂಗಳಿಗೊಮ್ಮೆ ತೂಕ ನೋಡದ ಕಡೆ ಯಾರು ಉಣ್ಣುತ್ತಿಲ್ಲ ಎಂದು ಯಾರಿಗೂ ಗೊತ್ತಿರುವುದಿಲ್ಲ. 50 ಕೆ.ಜಿ. ಇದ್ದವರು ಒಂದು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದರೆ ನಾವು ಡಾಕ್ಟರನ್ನು ಕರೆಯುತ್ತೇವೆ. ಬಿದ್ದವರ ಲೆಕ್ಕ ಬರೆದಿಡುತ್ತಾರೆಯೇ ಕೇಳಿ. "ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ" ಎಂದರೆ ನಂಬಬೇಡಿ. ಇನ್ಸುಲಿನ್ ಇಡುವ ಫ್ರಿಜ್ ತೆರೆದು ನೋಡಿ: 2ರಿಂದ 8 ಡಿಗ್ರಿ ಇರಬೇಕು, ಮೀನಿನ ಪಕ್ಕದಲ್ಲಿ ಇರಬಾರದು. ಪಾರ್ಶ್ವವಾಯು ಆದವರಿಗೆ ನುಂಗುವುದು ಕಷ್ಟ, ಆದ್ದರಿಂದ ಊಟದ ಹೊತ್ತಿಗೇ ಹೋಗಿ. ಮಲಗಿಸಿಕೊಂಡು ಗಂಜಿ ಹಾಕುತ್ತಿದ್ದರೆ ಅಲ್ಲಿ ಸೇರಿಸಲೇಬೇಡಿ. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಕೊಟ್ಟು, ಆಮೇಲೂ ಅರ್ಧ ಗಂಟೆ ಒರಗಿಸಿ ಕೂರಿಸಬೇಕು.

ಪೈವಳಿಕೆಯಿಂದ

ಭಾಷೆಯ ವಿಷಯ ಯಾರೂ ಹೇಳಲಿಲ್ಲ. ನನ್ನ ಅತ್ತೆಗೆ ಮರೆವಿನ ಕಾಯಿಲೆ. ಜೀವಮಾನವಿಡೀ ಪೇಟೆಯಲ್ಲಿ ಚೆನ್ನಾಗಿ ಮಲಯಾಳ ಮಾತಾಡಿದವರು, ಕೊನೆಗೆ ಅದೆಲ್ಲ ಅಳಿಸಿ ಹೋಗಿ ಬರೀ ಕನ್ನಡ ಉಳಿಯಿತು. ಕೇರ್ ಹೋಮ್‌ನಲ್ಲಿ "ಒಂದಕ್ಕೆ, ಒಂದಕ್ಕೆ" ಎಂದು ಕೂಗುತ್ತಿದ್ದರಂತೆ. ನೋಡಿಕೊಳ್ಳುವ ಹುಡುಗಿ ಒಳ್ಳೆಯವಳು, ಏನೋ ಒಂದು ಬೇಕು ಎಂದುಕೊಂಡು ಬಿಸ್ಕತ್ತು ಕೊಡುತ್ತಿದ್ದಳು. ಅತ್ತೆ ಬಟ್ಟೆಯಲ್ಲೇ ಮಾಡಿಕೊಂಡು ಅಳುತ್ತಿದ್ದರು. ಅವರು "ಹಟಮಾರಿ" ಎಂದು ನಮಗೆ ದೂರು ಬಂತು. ನಿಮ್ಮ ಅಮ್ಮನಿಗೆ ಮಾತು ಅರ್ಧ ಎಂದಿದ್ದೀರಿ. ಆ ಅರ್ಧ ಯಾವ ಭಾಷೆಯಲ್ಲಿದೆ, ಅದು ಗೊತ್ತಿರುವವರು ರಾತ್ರಿ ಪಾಳಿಯಲ್ಲಿ ಇದ್ದಾರೆಯೇ, ವಿಚಾರಿಸಿ. ಒಂದಕ್ಕೆ, ಎರಡಕ್ಕೆ, ಸೆಕೆ, ಚಳಿ, ಉರಿ, ನೋವು, ಬಾಯಾರಿಕೆ: ಇಷ್ಟನ್ನು ಮಲಯಾಳ ಲಿಪಿಯಲ್ಲಿ ಬರೆದು, ಅರ್ಥ ಸಮೇತ ಮಂಚದ ಹತ್ತಿರ ಅಂಟಿಸಿ.

ನೀರ್ಚಾಲಿನಿಂದ, ನಾಲ್ಕು ವರ್ಷ ಕೇರ್ ಹೋಮ್‌ನಲ್ಲಿ ಕೆಲಸ ಮಾಡಿದವಳು

ಕುಂಬಳೆಯ ಅಕ್ಕ ಹೇಳಿದ ಆ ಹುಡುಗಿಯ ಜಾಗದಲ್ಲಿ ನಾನಿದ್ದೆ. ಹನ್ನೆರಡು ಗಂಟೆಯ ಪಾಳಿ, ರಜೆಯವರ ಬದಲಿಗೆ ಮತ್ತೆ ಹನ್ನೆರಡು. ಚಾರ್ಟ್ ತುಂಬಿಸದಿದ್ದರೆ ಸಂಬಳ ಹಿಡಿಯುತ್ತಾರೆ, ತಿರುಗಿಸದಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲು ಚಾರ್ಟ್ ತುಂಬುತ್ತದೆ. ತಪ್ಪು ಎಂದು ಗೊತ್ತಿದ್ದೇ ಮಾಡಿದ್ದೇನೆ, ಇವತ್ತಿಗೂ ಮನಸ್ಸಿನಲ್ಲಿದೆ. ನೀವು ಮ್ಯಾನೇಜರನ್ನು ಕೇಳಬೇಕಾದದ್ದು ಒಂದೇ: ರಾತ್ರಿ ಎಷ್ಟು ಜನ, ಅವರಲ್ಲಿ ನರ್ಸಿಂಗ್ ಕಲಿತವರು ಯಾರು? ಆಮೇಲೆ ಹೊರಗೆ ಬಟ್ಟೆ ಒಣಗಿಸುವವರ ಹತ್ತಿರ ಎಷ್ಟು ಸಮಯದಿಂದ ಇಲ್ಲಿದ್ದೀರಿ ಎಂದು ಕೇಳಿ. ಎಲ್ಲರೂ ಎರಡು ಮೂರು ತಿಂಗಳಿನವರೇ ಆದರೆ ಅಲ್ಲಿ ಏನೋ ಸರಿ ಇಲ್ಲ.

ಪೆರ್ಲದಿಂದ, ಪಾಲಿಯೇಟಿವ್ ಸ್ವಯಂಸೇವಕ

ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದಾಗಿ ಮಲಗಿದಲ್ಲೇ ಇರುವ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ನೋಡಿಕೊಂಡ ತಾಯಂದಿರಿದ್ದಾರೆ. ಒಂದು ಹುಣ್ಣು ಆಗಲು ಬಿಡದೆ ಹೇಗೆ ಎತ್ತಬೇಕು, ಹೇಗೆ ಒರೆಸಬೇಕು ಎಂದು ನಾನು ಕಲಿತದ್ದು ಅಂಥ ಒಬ್ಬ ತಾಯಿಯಿಂದ. ಅಮ್ಮನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ, ನಿಮ್ಮ ಕಷ್ಟ ನಿಮಗೆ ಗೊತ್ತು. ಒಂದು ಮಾತ್ರ ನೆನಪಿಡಿ: ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ತಲಪಾಡಿ ದಾಟಿ ಬರುವುದಿಲ್ಲ. 2020ರಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದಾಗ ಆಚೆ ಈಚೆ ಸಿಕ್ಕಿಹಾಕಿಕೊಂಡ ರೋಗಿಗಳ ಮನೆಯವರ ಪಾಡು ನಾವು ಕಣ್ಣಾರೆ ಕಂಡಿದ್ದೇವೆ. ನೋಡಲು ಹೋಗುವವರು ಯಾರು, ಅವರ ಮನೆಗೆ ಯಾವುದು ಹತ್ತಿರ ಎಂದು ಮೊದಲು ತೀರ್ಮಾನಿಸಿ.

ಕೇಳಿದವರು, ಹನ್ನೊಂದು ದಿನದ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬುಧವಾರ ರಾತ್ರಿ ಎರಡು ಕಡೆಗೂ ಹೇಳದೆ ಹೋದೆವು, ನಾನು ಮತ್ತು ಚಿಕ್ಕಪ್ಪನ ಮಗ. ತಲಪಾಡಿ ಆಚೆಯದರಲ್ಲಿ ಗೇಟಿನಿಂದ ಒಳಗೇ ಬಿಡಲಿಲ್ಲ, ನಾಳೆ ಹನ್ನೊಂದಕ್ಕೆ ಬನ್ನಿ ಎಂದರು. ಕಾಸರಗೋಡಿನ ಕಡೆಯದರಲ್ಲಿ ಟೈಲ್ಸ್ ಒಡೆದಿದೆ, ಗೋಡೆಗೆ ಬಣ್ಣ ಇಲ್ಲ, ಆದರೆ ಹದಿನಾಲ್ಕು ಜನಕ್ಕೆ ಇಬ್ಬರಿದ್ದರು, ಒಬ್ಬರು ನರ್ಸ್. ಚಾರ್ಟಿನಲ್ಲಿ ಆರು ಗಂಟೆಯ ಚೌಕ ಖಾಲಿ ಇತ್ತು. ಯಾಕೆ ಎಂದೆ. "ಒಬ್ಬರಿಗೆ ವಾಂತಿ ಆಯಿತು, ತಪ್ಪಿಹೋಯಿತು, ಏಳಕ್ಕೆ ತಿರುಗಿಸಿದೆವು" ಎಂದರು. ಖಾಲಿ ಚೌಕ ನೋಡಿ ನನಗೆ ಧೈರ್ಯ ಬಂತು.

ಒಪ್ಪಂದದಲ್ಲಿ ಒಂದು ಸಾಲಿದೆ: ಬಿದ್ದರೂ ಹುಣ್ಣಾದರೂ ಸಂಸ್ಥೆ ಹೊಣೆಯಲ್ಲ ಎಂದು. ಸಹಿ ಹಾಕುವುದೇ?

ಉಪ್ಪಳದಿಂದ

ಆ ಸಾಲು ಹೊಡೆದು ಹಾಕಿಸಿ. ಬದಲಿಗೆ, ಹುಣ್ಣಿನ ಮೊದಲ ಕೆಂಪು ಕಂಡರೆ ಅಥವಾ ಬಿದ್ದರೆ ಅದೇ ದಿನ ಮನೆಯವರಿಗೆ ಫೋನ್ ಮಾಡುತ್ತೇವೆ ಎಂದು ಬರೆಸಿಕೊಳ್ಳಿ. ತುರ್ತಿಗೆ ಯಾವ ಆಸ್ಪತ್ರೆ, ಡೆಪಾಸಿಟ್ ಯಾವಾಗ ವಾಪಸು, ಅದೂ ಇರಲಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಅದಕ್ಕೆಂದು ಬಿಡಬೇಡಿ, ಹಾಕಿ.

ಕೇಳಿದವರು

ಅರ್ಜಿ ಇವತ್ತೇ ಹಾಕಿದೆ, ಕನ್ನಡದಲ್ಲಿ. ಸಾಲು ಹೊಡೆಯಲು ಅವರು ಒಪ್ಪಿದ್ದಾರೆ. ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇವೆ. ವಾರದಲ್ಲಿ ಎರಡು ಸಲ, ದಿನ ಗೊತ್ತುಮಾಡದೆ ಹೋಗಲು ಚಿಕ್ಕಪ್ಪನ ಮಗ ಒಪ್ಪಿದ್ದಾನೆ.

ಕುಂಬಳೆಯಿಂದ

ಅವನಿಗೆ ಹೇಳಿ, ಅಕ್ಕಾ. ಬೆನ್ನು ನೋಡಲು ಅವನಿಗೆ ಸಂಕೋಚ ಆದರೆ ಸಿಸ್ಟರ್ ಹತ್ತಿರ ತೋರಿಸಲು ಹೇಳಲಿ. ಹುಣ್ಣು ಹಿಮ್ಮಡಿಗೂ ಆಗುತ್ತದೆ, ಅದನ್ನು ನೋಡಲು ಏನೂ ಸಂಕೋಚವಿಲ್ಲ. ಕಾಲಿಗೆ ಸಾಕ್ಸ್ ಹಾಕಿದ್ದರೆ ತೆಗೆದೇ ನೋಡಲಿ.